ಜೇನುಪೆಟ್ಟಿಗೆಯಲ್ಲಿ ಬೂಷ್ಟು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅಡಿಕೆ ತೋಟದಲ್ಲಿ ಮೆಲ್ಲಿಫೆರಾ (ಯುರೋಪಿಯನ್) ಜೇನು ಸಾಕಿದ್ದೇನೆ. ಮಳೆ ಹಿಡಿದ ಮೇಲೆ ಎರಡು ಪೆಟ್ಟಿಗೆಗಳ ಅಡಿಮಣೆಯಲ್ಲಿ ಬಿಳಿ ಮತ್ತು ಕಪ್ಪು ಬಣ್ಣದ ಗಟ್ಟಿ ಚೂರುಗಳು ಬಿದ್ದಿರುತ್ತವೆ. ಇದು ಥಾಯ್ ಸ್ಯಾಕ್‌ಬ್ರೂಡ್ ರೋಗವೇ? ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನು ಪೆಟ್ಟಿಗೆಗೂ ಸಿಂಪಡಿಸಬಹುದೇ?
– ಓದುಗರೊಬ್ಬರು, ಚನ್ನಗಿರಿ

ಉತ್ತರ: ಥಾಯ್ ಸ್ಯಾಕ್‌ಬ್ರೂಡ್ ಅಲ್ಲ. ಅದು ವೈರಸ್ಸಿನಿಂದ ಬರುವ, ನಮ್ಮ ನಾಡಿನ ತುಡುವೆ ಜೇನಿನ ರೋಗ. 1990ರ ದಶಕದ ಆರಂಭದಲ್ಲಿ ಕರ್ನಾಟಕದ ತುಡುವೆ ಕುಟುಂಬಗಳನ್ನು ದೊಡ್ಡ ಪ್ರಮಾಣದಲ್ಲಿ ಬಲಿ ತೆಗೆದುಕೊಂಡದ್ದರಿಂದ ಜೇನು ಸಾಕಣೆದಾರರಲ್ಲಿ ಅದರ ಭಯ ಇನ್ನೂ ಹೋಗಿಲ್ಲ. ಅದರಲ್ಲಿ ಸತ್ತ ಮರಿಹುಳು ನೀರು ತುಂಬಿದ ಚೀಲದಂತಿರುತ್ತದೆ. ನಿಮ್ಮಲ್ಲಿ ಬಿದ್ದಿರುವ ಚೂರುಗಳು ಒಣಗಿ ಗಟ್ಟಿಯಾದ ಮರಿಗಳಾದ್ದರಿಂದ ಇದು ಚಾಕ್‌ಬ್ರೂಡ್, ಅಂದರೆ ಆಸ್ಕೊಸ್ಫೇರಾ ಏಪಿಸ್ ಎಂಬ ಶಿಲೀಂಧ್ರದ ಕೆಲಸವೆಂದೇ ತೋರುತ್ತದೆ. ಮುಚ್ಚಿದ ಮರಿಕೋಶಗಳಿರುವ ಚೌಕಟ್ಟನ್ನು ಕಿವಿಯ ಬಳಿ ಹಿಡಿದು ಮೆಲ್ಲಗೆ ಅಲುಗಿಸಿ ನೋಡಿ. ರೋಗ ಬಲಿತಿದ್ದರೆ ಒಣಗಿದ ಮರಿಗಳು ಕೋಶದೊಳಗೆ ಗಲಗಲ ಎನ್ನುವುದು ಕೇಳಿಸುತ್ತದೆ.

ಮರಿಹುಳು ಆಹಾರದೊಂದಿಗೆ ಈ ಶಿಲೀಂಧ್ರದ ಬೀಜಾಣುಗಳನ್ನು ನುಂಗುತ್ತದೆ. ಅವು ಕರುಳಿನಲ್ಲಿ ಮೊಳೆತು, ಕೋಶಕ್ಕೆ ಮುಚ್ಚಳ ಬೀಳುವ ಹೊತ್ತಿಗೆ ಮೈಯೆಲ್ಲ ಹಬ್ಬಿ ಚರ್ಮವನ್ನು ಸೀಳಿಕೊಂಡು ಬಿಳಿ ಬೂಷ್ಟಾಗಿ ಹೊರಬರುತ್ತವೆ. ಆ ಬೂಷ್ಟು ಮತ್ತೆ ಬೀಜಾಣು ಕಟ್ಟಿದಾಗ ಚೂರು ಕಪ್ಪಾಗುತ್ತದೆ. ಹೀಗಾಗಿ ಹೆಚ್ಚು ಅಪಾಯಕಾರಿಯಾದವು ಕಪ್ಪು ಚೂರುಗಳೇ. ಬೀಜಾಣುಗಳು ಹತ್ತು ವರ್ಷಕ್ಕೂ ಮೀರಿ ಜೀವ ಹಿಡಿದಿರಬಲ್ಲವು. ಆದರೂ ಬೀಜಾಣು ಇದ್ದಮಾತ್ರಕ್ಕೆ ರೋಗ ಉಲ್ಬಣಿಸುವುದಿಲ್ಲ. ಮರಿಗಳಿರುವ ಜಾಗವನ್ನು ನೊಣಗಳು ಸುಮಾರು 34–35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯುತ್ತವೆ. ನೊಣ ಕಡಿಮೆಯಾಗಿ ಆ ಶಾಖ ಕೆಲವು ಡಿಗ್ರಿ ಇಳಿದರೂ, ಪೆಟ್ಟಿಗೆಯಲ್ಲಿ ತೇವ ನಿಂತರೂ ಶಿಲೀಂಧ್ರದ ಕೈ ಮೇಲಾಗುತ್ತದೆ. ಭದ್ರಾ ನೀರು ಹರಿಯುವ ತೋಟದ ದಟ್ಟ ನೆರಳು ಮಳೆಗಾಲದಲ್ಲಿ ಜೇನಿಗೆ ಹೇಳಿಸಿದ ಜಾಗವಲ್ಲ.

ಬೋರ್ಡೋ ದ್ರಾವಣವನ್ನು ಪೆಟ್ಟಿಗೆಯ ಹತ್ತಿರಕ್ಕೂ ತರಬೇಡಿ. ಅದರಲ್ಲಿರುವ ತಾಮ್ರ ನೊಣಗಳಿಗೂ ಕೆಟ್ಟದ್ದು, ತುಪ್ಪಕ್ಕೂ ಕೆಟ್ಟದ್ದು. ಬೆಳಗಿನ ಬಿಸಿಲು ಬೀಳುವ ಬದುವಿಗೆ ಪೆಟ್ಟಿಗೆಗಳನ್ನು ಸರಿಸಿ, ಒಳಗೆ ನೀರು ನಿಲ್ಲದಂತೆ ಬಾಗಿಲ ಕಡೆಗೆ ತುಸು ಇಳಿಜಾರು ಕೊಡಿ. ಹೆಚ್ಚು ಸೋಂಕಿರುವ ಹಳೆಯ ಎರಿಗಳನ್ನು ತೆಗೆದು ಸುಟ್ಟುಬಿಡಿ. ಉಳಿದ ನೊಣಗಳು ಮುಚ್ಚಿ ಕೂರುವಷ್ಟೇ ಎರಿಗಳಿರಲಿ. ಅಡಿಮಣೆಯನ್ನು ಕೆರೆದು ಬಿಸಿಲಿಗೆ ಒಣಗಿಸಿ. ಇಷ್ಟಾದರೂ ರೋಗ ಮರುಕಳಿಸಿದರೆ ರಾಣಿಯನ್ನು ಬದಲಿಸುವುದೇ ಸರಿ. ಸತ್ತ ಮರಿಗಳನ್ನು ಬೇಗ ಗುರುತಿಸಿ ಹೊರಗೆಳೆಯುವ ಗುಣ ವಂಶದಿಂದ ಬರುವಂಥದ್ದು. ನಮ್ಮ ಸಾಕಣೆದಾರರು ಔಷಧಿ ಹುಡುಕುವಷ್ಟು ಶ್ರದ್ಧೆಯಿಂದ ಇಂಥ ರಾಣಿಯನ್ನು ಹುಡುಕುವುದಿಲ್ಲ.

ಪ್ರಶ್ನೆ: ಸೂರ್ಯಕಾಂತಿ ಹೂವಿನ ಕಾಲದಲ್ಲಿ ಹೊರಗಿನವರು ಮೆಲ್ಲಿಫೆರಾ ಪೆಟ್ಟಿಗೆ ತಂದಿಡುತ್ತಾರೆ. ಅವುಗಳ ಶಿಲೀಂಧ್ರ ರೋಗ ನಮ್ಮ ತುಡುವೆಗೆ ತಗುಲದೇ?
– ಓದುಗರೊಬ್ಬರು, ಚಳ್ಳಕೆರೆ

ಉತ್ತರ: ಚಾಕ್‌ಬ್ರೂಡ್ ಮುಖ್ಯವಾಗಿ ಮೆಲ್ಲಿಫೆರಾದ ಕಾಯಿಲೆ. ತುಡುವೆಯಲ್ಲಿ ಅದು ಕಂಡರೂ ಹೆಚ್ಚಾಗಿ ಗಂಡುಮರಿಗಳಲ್ಲಿ. ನೊಸೀಮಾ ಎಂಬ ಇನ್ನೊಂದು ರೋಗದ ವಿಷಯದಲ್ಲಿ ದಾರಿ ತಿರುಗುಮುರುಗು. ಈಗ ಶಿಲೀಂಧ್ರಗಳ ಸಾಲಿಗೆ ಸೇರಿಸುವ, ಬೆಳೆದ ನೊಣಗಳ ಕರುಳನ್ನು ಹಾಳುಮಾಡುವ ನೊಸೀಮಾ ಸೆರಾನೆಯನ್ನು 1996ರಲ್ಲಿ ಮೊದಲು ವರ್ಣಿಸಿದ್ದೇ ತುಡುವೆಯ ಜಾತಿಯ ಜೇನಿನಿಂದ. ಅದು ಮೆಲ್ಲಿಫೆರಾದಲ್ಲಿ ಜಗತ್ತಿನಾದ್ಯಂತ ಹರಡಿರುವುದು ತಿಳಿದದ್ದು ಆನಂತರ. ಎಲೆ ಕತ್ತರಿಸಿ ಗೂಡು ಕಟ್ಟುವ ಒಂಟಿಜೇನುಗಳಿಗೂ ಆಸ್ಕೊಸ್ಫೇರಾದ ಬೇರೆ ಪ್ರಭೇದ ತಗಲುತ್ತದೆ. ತಂದಿಟ್ಟವರೊಡನೆ ಚೌಕಟ್ಟು, ಉಳಿ, ಪಾಕದ ತಟ್ಟೆಗಳನ್ನು ಹಂಚಿಕೊಳ್ಳಬೇಡಿ. ಅವರ ತುಪ್ಪವನ್ನಾಗಲಿ ಪರಾಗವನ್ನಾಗಲಿ ನಿಮ್ಮ ನೊಣಗಳಿಗೆ ತಿನ್ನಿಸಬೇಡಿ.