ಅಳೆದರೆ ಹೆಣಿಗೆ ಬಿಚ್ಚುತ್ತದೆ, ಆದರೆ ಎಷ್ಟು ಅಳೆದರೆ?

ನಮಸ್ಕಾರ. ವಿರಾಜಪೇಟೆಯಿಂದ ನೀವು ಕಳಿಸಿದ ‘ಅಳತೆ ಮತ್ತು ಕ್ವಾಂಟಮ್ ಹೆಣಿಗೆ’ ಲೇಖನ ಓದಿದೆ. ಈ ಸಂಚಿಕೆಗೆ ತಗೊಳ್ಳುತ್ತಿಲ್ಲ. ತಿದ್ದಿ ಕಳಿಸಿದರೆ ಖಂಡಿತ ನೋಡುತ್ತೇನೆ.

ಮೊದಲ ಎರಡು ಪ್ಯಾರಾ ತೆಗೆದುಬಿಡಿ. ರಾಜಾಸೀಟಿನ ಮಂಜು, ತಲಕಾವೇರಿಯ ತೀರ್ಥ, ಕಾಫಿ ಹೂವಿನ ಘಮ. ಕೊಡಗಿನಿಂದ ನಮಗೆ ಬರುವ ಅರ್ಧ ಲೇಖನಗಳು ಮಂಜಿನಲ್ಲೇ ಶುರುವಾಗುತ್ತವೆ. ಕ್ವಾಂಟಮ್ ಕಂಪ್ಯೂಟರಿನ ಮಾಹಿತಿಯ ಮೂಲ ಘಟಕವಾದ ಕ್ಯೂಬಿಟ್‌ಗೂ ಮಂಜಿಗೂ ಏನು ಸಂಬಂಧ?

ನನ್ನ ನಿಜವಾದ ತಕರಾರು ಮೂರನೇ ಪುಟದ್ದು. ‘ಅಳತೆ ಮಾಡಿದ ಕೂಡಲೇ ಎಂಟ್ಯಾಂಗಲ್‌ಮೆಂಟ್ ನಾಶ’ ಎಂದು ಬರೆದಿದ್ದೀರಿ. ಎಂಟ್ಯಾಂಗಲ್‌ಮೆಂಟ್ ಎಂದರೆ ಕ್ಯೂಬಿಟ್‌ಗಳನ್ನು ಬಿಡಿಬಿಡಿಯಾಗಿ ವಿವರಿಸಲಾಗದಂತೆ ಒಂದಕ್ಕೊಂದು ಕಟ್ಟುವ ಹೆಣಿಗೆ. ಅಳೆದ ಆ ಒಂದು ಕ್ಯೂಬಿಟ್ ಮಟ್ಟಿಗೆ ಸರಿ, ಅದು ಉಳಿದವುಗಳಿಂದ ಬಿಡಿಸಿಕೊಳ್ಳುತ್ತದೆ. ಇಡೀ ಸರ್ಕ್ಯೂಟಿನಲ್ಲಿ ನಡೆಯುವುದು ಹಗ್ಗಜಗ್ಗಾಟ. ಪ್ರತಿ ಸುತ್ತಿನಲ್ಲೂ ಪಕ್ಕಪಕ್ಕದ ಜೋಡಿಗಳನ್ನು ರ‍್ಯಾಂಡಮ್ ಗೇಟ್‌ಗಳು (ಕ್ಯೂಬಿಟ್‌ಗಳ ಮೇಲೆ ನಡೆಸುವ ಕ್ರಿಯೆಗಳು) ಹೆಣೆಯುತ್ತವೆ. ಅಲ್ಲೊಂದು ಇಲ್ಲೊಂದು ಕ್ಯೂಬಿಟನ್ನು ಅಳತೆ ಬಿಡಿಸುತ್ತದೆ. ಅಳತೆ ಕಮ್ಮಿ ಇದ್ದರೆ, ಸಾಲಿನ ತುಂಡು ಉದ್ದವಾದಷ್ಟೂ ಅದರ ಎಂಟ್ಯಾಂಗಲ್‌ಮೆಂಟ್ ಎಂಟ್ರೊಪಿ, ಅಂದರೆ ಉಳಿದ ಭಾಗದ ಜೊತೆ ಹೆಣಿಗೆ ಎಷ್ಟಿದೆ ಎಂಬ ಲೆಕ್ಕ, ಏರುತ್ತದೆ. ಜಾಸ್ತಿಯಾದರೆ ತುಂಡಿನ ತುದಿಗಳ ಆಸುಪಾಸಿನಲ್ಲಷ್ಟೇ ಹೆಣಿಗೆ ಉಳಿಯುತ್ತದೆ. ನಡುವೆ ಒಂದು ಹೊಸ್ತಿಲು. 2018ರಲ್ಲಿ ಬೇರೆ ಬೇರೆ ತಂಡಗಳು ಕಂಡದ್ದು ಇದನ್ನೇ. ಒಂದೇ ಸಾಲಿನ ಕ್ಯೂಬಿಟ್‌ಗಳಲ್ಲಿ ಆ ಹೊಸ್ತಿಲು ಪ್ರತಿ ಸುತ್ತಿನಲ್ಲೂ ನೂರಕ್ಕೆ ಸುಮಾರು 16–17 ಕ್ಯೂಬಿಟ್ ಅಳೆದಾಗ ಬರುತ್ತದೆ. ಅಂದರೆ ನೂರರಲ್ಲಿ ಹತ್ತನ್ನು ಅಳೆಯುತ್ತಲೇ ಇದ್ದರೂ ಹೆಣಿಗೆ ಸಾಯುವುದಿಲ್ಲ! ಯಾಕೆ? ಮಾಹಿತಿ ಅಷ್ಟರಲ್ಲಿ ಎಷ್ಟೋ ಕ್ಯೂಬಿಟ್‌ಗಳಲ್ಲಿ ಹರಡಿಹೋಗಿರುತ್ತದೆ. ಒಂದನ್ನು ಅಳೆದರೆ ಸಿಗುವುದು ಅಲ್ಪ. ದೋಷ ತಿದ್ದುವ ಕೋಡ್‌ಗಳು ಬದುಕುವುದೂ ಇದೇ ಉಪಾಯದಿಂದ. ಲೇಖನದ ಜೀವ ಇಲ್ಲಿದೆ, ನೀವು ಅದರ ಹತ್ತಿರಕ್ಕೂ ಹೋಗಿಲ್ಲ.

‘ಹಲವು ಸಲ ಓಡಿಸಿ ಸರಾಸರಿ ತೆಗೆದರೆ ಸಾಕು’ ಎನ್ನುವ ಸಾಲೂ ತಪ್ಪು. ಅಳತೆಯ ಉತ್ತರಗಳನ್ನು ಎಸೆದು ಸ್ಥಿತಿಗಳನ್ನು ಸುಮ್ನೆ ಸರಾಸರಿ ಮಾಡಿದರೆ ಹೊಸ್ತಿಲೇ ಮಾಯ. ಪ್ರತಿ ಓಟದ ಉತ್ತರಗಳ ಸಾಲನ್ನು ಇಟ್ಟುಕೊಂಡು, ಆ ಸಾಲಿಗೆ ತಕ್ಕ ಎಂಟ್ರೊಪಿ ಲೆಕ್ಕ ಹಾಕಿ, ಆಮೇಲೆ ಸರಾಸರಿ. ಪ್ರತಿ ಅಳತೆಗೂ ಎರಡರಲ್ಲೊಂದು ಉತ್ತರ, ಹಾಗಾಗಿ ಬರೀ 20 ಅಳತೆಗೇ ಹತ್ತು ಲಕ್ಷಕ್ಕೂ ಮೀರಿದ ಉತ್ತರದ ಸಾಲುಗಳು ಸಾಧ್ಯ. ಪ್ರಯೋಗದಲ್ಲಿ ಒಂದು ಸಾಲಿನ ಎಂಟ್ರೊಪಿ ತಿಳಿಯಲು ಅದೇ ಸಾಲು ಮತ್ತೆ ಮತ್ತೆ ಸಿಗಬೇಕು, ಅದಕ್ಕೆ ಎಷ್ಟು ಹೊತ್ತು ಕಾಯುತ್ತೀರಿ? 2023ರಲ್ಲಿ 70 ಕ್ಯೂಬಿಟ್‌ವರೆಗೆ ಪ್ರಯೋಗ ಮಾಡಿದ ಗೂಗಲ್ ತಂಡವೂ ಮಾಮೂಲಿ ಕಂಪ್ಯೂಟರಿನ ಲೆಕ್ಕದ ನೆರವು ಪಡೆಯಿತು.

ನನಗೆ ಇಷ್ಟವಾದದ್ದು ಕೊನೆಯ ಪುಟ. ಜುಲೈ ಮಳೆಯಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತಿದ್ದರೂ ಲ್ಯಾಪ್‌ಟಾಪಿನಲ್ಲೇ ನೂರಾರು ಕ್ಯೂಬಿಟ್‌ಗಳ ಸರ್ಕ್ಯೂಟ್ ಓಡಿಸಿದ್ದೀರಲ್ಲ, ಆ ಗ್ರಾಫ್. ಲೇಖನ ಅಲ್ಲಿಂದಲೇ ಶುರುವಾಗಲಿ. ಮಾಮೂಲಿ ಕಂಪ್ಯೂಟರೂ ಸುಲಭವಾಗಿ ಲೆಕ್ಕ ಹಾಕಬಲ್ಲ ಕ್ಲಿಫರ್ಡ್ ಎಂಬ ಬಗೆಯ ಗೇಟ್‌ಗಳನ್ನಷ್ಟೇ ಬಳಸಿದ್ದರಿಂದ ಅದು ಸಾಧ್ಯವಾಯಿತು ಎಂದು ಮಾತ್ರ ಹೇಳಲೇಬೇಕು. ಇಲ್ಲದಿದ್ದರೆ ‘ಹಾಗಾದ್ರೆ ಕ್ವಾಂಟಮ್ ಕಂಪ್ಯೂಟರ್ ಯಾಕೆ ಬೇಕು?’ ಎಂದು ಓದುಗರು ಕೇಳುತ್ತಾರೆ, ನ್ಯಾಯವೇ ಅಲ್ವಾ. ಹಾಂ, ಗ್ರಾಫಿನ ಅಡ್ಡಗೆರೆಯಲ್ಲಿ ಏನನ್ನು ತೋರಿಸಿದ್ದೀರಿ ಅಂತಲೂ ಬರೆಯಿರಿ. ಅದನ್ನು ನಾನು ಊಹಿಸಬೇಕಾಯಿತು.