ಓದುಗರ ಪ್ರಶ್ನೆ: ಎರಡು ಚೌಕಗಳ ನಡುವೆ

ಪ್ರಶ್ನೆ: ನಾವು ಎಂಟು ಮಂದಿ ಡಿಸೈನರ್‌ಗಳು ತಿಂಗಳಿಗೊಮ್ಮೆ ಸೇರಿ ಪುಸ್ತಕ ಚರ್ಚಿಸುತ್ತೇವೆ. ಈ ಸಲದ್ದು ಸ್ಕಾಟ್ ಮೆಕ್‌ಕ್ಲೌಡ್ ಅವರ ‘ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್’. ಎಲ್ಲರೂ ಸರಸರ ಓದಿ ಮುಗಿಸಿದೆವು. ಕೂತು ಮಾತಾಡಲು ಹೋದರೆ ‘ಚೆನ್ನಾಗಿದೆ’ ಬಿಟ್ಟು ಬೇರೆ ಮಾತೇ ಹೊರಡುತ್ತಿಲ್ಲ. ಏನು ಮಾಡೋಣ?
– ಓದುಗರ ಬಳಗ, ಮೈಸೂರು

ಉತ್ತರ: ಕಾಮಿಕ್ಸ್ ಕೆಲಸ ಮಾಡುವ ಬಗೆಯನ್ನು ವಿವರಿಸುವ 1993ರ ಈ ಪುಸ್ತಕ ತಾನೇ ಕಾಮಿಕ್ಸ್ ಆಗಿರುವುದರಿಂದ ಕಣ್ಣು ಜಾರಿಕೊಂಡು ಹೋಗುತ್ತದೆ. ಒಂಬತ್ತು ಅಧ್ಯಾಯಗಳನ್ನು ಸಮಪಾಲು ಮಾಡಬೇಡಿ. ಮೊದಲ ಕೂಟಕ್ಕೆ 1 ಮತ್ತು 2, ಎರಡನೆಯದಕ್ಕೆ 3 ಒಂದೇ, ಮೂರನೆಯದಕ್ಕೆ 4ರಿಂದ 6. ಉಳಿದ ಮೂರು ಕೊನೆಯ ಕೂಟಕ್ಕಿರಲಿ.

ಮೂರನೇ ಅಧ್ಯಾಯಕ್ಕೆ ಇಡೀ ಸಂಜೆ ಕೊಡಿ. ಚೌಕಗಳ ನಡುವಿನ ಬಿಳಿ ಪಟ್ಟಿ, ಅಂದರೆ ಗಟರ್, ಅಲ್ಲಿನ ವಿಷಯ. ಒಂದು ಚೌಕದಲ್ಲಿ ಒಬ್ಬ ಕೊಡಲಿ ಎತ್ತಿದ್ದಾನೆ. ಮುಂದಿನದರಲ್ಲಿ ರಾತ್ರಿಯ ನಗರ, ಒಂದು ಚೀತ್ಕಾರ. ಕೊಡಲಿ ಬಿದ್ದದ್ದನ್ನು ಚಿತ್ರಕಾರ ಬರೆದೇ ಇಲ್ಲ, ಬೀಳಿಸಿದವನು ಓದುಗ.

ಇದನ್ನು ಬಾಯಲ್ಲಿ ಚರ್ಚಿಸಬೇಡಿ, ಪೆನ್ಸಿಲ್ ಹಿಡಿಯಿರಿ. ಮನೆಯಲ್ಲಿರುವ ಯಾವುದಾದರೂ ಕಾಮಿಕ್ಸಿನ ಎರಡು ಪುಟಗಳನ್ನು ಎ3 ಹಾಳೆಗೆ ಜೆರಾಕ್ಸ್ ಮಾಡಿಸಿ. ಚೌಕದಿಂದ ಚೌಕಕ್ಕೆ ಜಿಗಿಯಲು ಮೆಕ್‌ಕ್ಲೌಡ್ ಹೇಳುವ ಆರು ಬಗೆಗಳಲ್ಲಿ ಒಂದರ ಸಂಖ್ಯೆಯನ್ನು ಪ್ರತಿ ಗಟರಿನ ಮೇಲೆ ಬರೆಯಿರಿ: 1 ಕ್ಷಣದಿಂದ ಕ್ಷಣಕ್ಕೆ, 2 ಕ್ರಿಯೆಯಿಂದ ಕ್ರಿಯೆಗೆ, 3 ಒಂದೇ ದೃಶ್ಯದೊಳಗೆ ಒಬ್ಬರಿಂದ ಇನ್ನೊಬ್ಬರಿಗೆ ಅಥವಾ ಒಂದು ವಸ್ತುವಿನಿಂದ ಇನ್ನೊಂದಕ್ಕೆ, 4 ದೃಶ್ಯದಿಂದ ದೃಶ್ಯಕ್ಕೆ, 5 ಒಂದೇ ಜಾಗದ ಬೇರೆ ಬೇರೆ ನೋಟ, 6 ಒಂದಕ್ಕೊಂದು ಸಂಬಂಧವಿಲ್ಲದ್ದು. ಹತ್ತು ನಿಮಿಷ ಯಾರೂ ಮಾತಾಡದೆ ಬರೆದು, ಆಮೇಲೆ ಹೋಲಿಸಿ. ಜಗಳ ಹತ್ತುವುದು ಸಾಮಾನ್ಯವಾಗಿ 3 ಮತ್ತು 5ರ ನಡುವೆ. ಒಲೆಯ ಮೇಲೆ ಕುಣಿಯುವ ಮುಚ್ಚಳ, ಕಿಟಕಿಯ ಮಳೆ, ಬಾಗಿಲಲ್ಲಿ ಒದ್ದೆ ಚಪ್ಪಲಿ. ಕಾಲ ನಿಂತು ಮನೆ ಮಾತ್ರ ಕಾಣುತ್ತಿದ್ದರೆ 5. ಚಪ್ಪಲಿ ನೋಡಿ ‘ಯಾರೋ ಬಂದರು’ ಎಂದು ಕತೆ ಮುಂದೆ ಸರಿದರೆ 3. ಈ ಜಗಳವೇ ನಿಮಗೆ ಬೇಕಾದ ಚರ್ಚೆ.

ಸಮಯ ಉಳಿದರೆ ಇನ್ನೊಂದು ಪುಟದ ಮಾತುಗಳನ್ನು ವೈಟ್‌ನರಿನಿಂದ ಅಳಿಸಿ, ಚೌಕಗಳನ್ನು ಕತ್ತರಿಸಿ, ಕಲಸಿ, ಪುಟ ನೋಡದವರಿಗೆ ಜೋಡಿಸಲು ಕೊಡಿ. ಏಳೆಂಟು ಚೌಕ ಸಾಕು. ಇಬ್ಬರು ಕೂತು ಮಾತಾಡುವ ಪುಟ ಆರಿಸಿದರೆ ಯಾರಿಗೂ ಜೋಡಿಸಲಾಗುವುದಿಲ್ಲ, ಏಕೆಂದರೆ ಅಲ್ಲಿ ಕತೆ ನಡೆಸುತ್ತಿದ್ದದ್ದು ಮಾತು, ಚಿತ್ರವಲ್ಲ. ಆರನೇ ಅಧ್ಯಾಯದಲ್ಲಿ ಮಾತು ಮತ್ತು ಚಿತ್ರ ಕೂಡುವ ಏಳು ಬಗೆಗಳಿವೆ. ಆ ‘ಸೋತ’ ಪುಟವನ್ನು ಎಸೆಯದೆ ಅದಕ್ಕೆ ಎತ್ತಿಡಿ.

ಪ್ರಶ್ನೆ: ಇಂಗ್ಲಿಷ್ ಕಾಮಿಕ್ಸ್ ನೋಡಿ ನಾಲ್ಕು ಪುಟ ಬರೆದೆ. ಕನ್ನಡ ಹಾಕಿದಾಗ ಮಾತಿನ ಬಲೂನುಗಳೆಲ್ಲ ಕಿಕ್ಕಿರಿದು ಓದಲಾಗುತ್ತಿಲ್ಲ.
– ಓದುಗರು, ಹುಬ್ಬಳ್ಳಿ

ಉತ್ತರ: ಇಂಗ್ಲಿಷ್ ಕಾಮಿಕ್ಸಿನಲ್ಲಿ ಸಾಮಾನ್ಯವಾಗಿ ಎಲ್ಲವೂ ದೊಡ್ಡಕ್ಷರ, ಎಲ್ಲಕ್ಕೂ ಒಂದೇ ಎತ್ತರ, ಸಾಲಿಗೆ ಸಾಲು ಅಂಟಿಸಿದರೂ ನಡೆಯುತ್ತದೆ. ನಮ್ಮಲ್ಲಿ ಒತ್ತು ಕೆಳಗೆ ಇಳಿಯುತ್ತದೆ, ಗುಡಿಸು ಮೇಲೇರುತ್ತದೆ. ಮೇಲಿನ ಸಾಲಿನಲ್ಲಿ ‘ರಾಷ್ಟ್ರ’, ಅದರ ಕೆಳಗೇ ‘ಕೀಲಿ’ ಬಂದರೆ ಎರಡೂ ಡಿಕ್ಕಿ. ಅಕ್ಷರ 9 ಪಾಯಿಂಟ್ ಇದ್ದರೆ ಸಾಲಿನ ಅಂತರ 13ರಿಂದ 14 ಇಡಿ. ಎತ್ತರದ ಬಲೂನಿಗಿಂತ ಅಗಲದ್ದು ಒಳ್ಳೆಯದು, ಪದಗಳು ಉದ್ದ. ‘ಹೇಳಬೇಕಾಗಿತ್ತಲ್ಲವೇನೋ’ ಎಂಬುದನ್ನು ಮುರಿದು ಕೂರಿಸುವುದಕ್ಕಿಂತ ‘ಹೇಳ್ಬೇಕಿತ್ತು ತಾನೆ?’ ಎಂದು ಬರೆಯಿರಿ. ಮಾತಾಡುವುದೂ ಹಾಗೇ ಅಲ್ಲವೇ? ಒಂದು ಬಲೂನಿಗೆ ಹತ್ತು ಹನ್ನೆರಡು ಪದ ದಾಟಿಸಬೇಡಿ. ಮೊದಲು ಅಕ್ಷರ ಕೂರಿಸಿ, ಆಮೇಲೆ ಅದರ ಸುತ್ತ ಬಲೂನು ಎಳೆಯಿರಿ.

ಮೊದಲು ಮಾತಾಡುವ ಪಾತ್ರ ಎಡಕ್ಕಿರಲಿ, ಇಲ್ಲವಾದರೆ ಬಲೂನುಗಳ ಬಾಲ ಒಂದನ್ನೊಂದು ದಾಟುತ್ತವೆ. ಪೆನ್ಸಿಲ್ ಹಂತದಲ್ಲೇ ಇದನ್ನು ಸರಿಮಾಡಬೇಕು; ಇಂಕ್ ಆದ ಮೇಲೆ ದಾರಿಯಿಲ್ಲ. ಒತ್ತು ಕಳಚಿ ಪಕ್ಕಕ್ಕೆ ಕೂರುತ್ತಿದ್ದರೆ ತಪ್ಪು ಫಾಂಟಿನದ್ದೇ ಆಗಬೇಕಿಲ್ಲ: ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ, ಅಕ್ಷರ ಜೋಡಿಸುವ ‘ವರ್ಲ್ಡ್-ರೆಡಿ’ ಕಂಪೋಸರ್ ಆರಿಸಿದ್ದೀರಾ ನೋಡಿ.

ಪ್ರಶ್ನೆ: ಹೊಯ್ಸಳ ಗುಡಿಗಳ ರಾಮಾಯಣದ ಸಾಲುಶಿಲ್ಪ ಕಾಮಿಕ್ಸ್ ಆಗುತ್ತದೆಯೇ?
– ಓದುಗರು, ತರೀಕೆರೆ

ಉತ್ತರ: ಚಿತ್ರಗಳನ್ನು ಬೇಕೆಂದೇ ಅಕ್ಕಪಕ್ಕ ಕ್ರಮವಾಗಿ ಜೋಡಿಸಿರಬೇಕು ಎನ್ನುವ ಮೆಕ್‌ಕ್ಲೌಡ್ ವ್ಯಾಖ್ಯಾನ ಒಪ್ಪಿದರೆ ಆಗುತ್ತದೆ. ನಿಮ್ಮ ಪಕ್ಕದ ಅಮೃತಾಪುರಕ್ಕೇ ಹೋಗಿ. ಅಮೃತೇಶ್ವರ ಗುಡಿಯ ಮಂಟಪದ ಹೊರಗಿನ ಗಿಡ್ಡಗೋಡೆಯಲ್ಲಿ 140 ಫಲಕಗಳಿವೆ. ದಕ್ಷಿಣದಲ್ಲಿ ರಾಮಾಯಣದ 70, ಅಪ್ರದಕ್ಷಿಣವಾಗಿ ಸಾಗುತ್ತವೆ. ಉತ್ತರದಲ್ಲಿ ಕೃಷ್ಣಕಥೆಯ 25 ಮತ್ತು ಮಹಾಭಾರತದ 45, ಪ್ರದಕ್ಷಿಣವಾಗಿ. ಗೋಡೆಗೆ ಮುಖಮಾಡಿ ನಿಂತು ನೋಡಿ: ರಾಮಾಯಣ ನಮ್ಮ ಬರಹದಂತೆ ಎಡದಿಂದ ಬಲಕ್ಕೆ ಹೋಗುತ್ತದೆ, ಮಹಾಭಾರತ ಜಪಾನಿನ ಮಾಂಗಾ ಕಾಮಿಕ್ಸಿನಂತೆ ಬಲದಿಂದ ಎಡಕ್ಕೆ. ಗುಡಿಯನ್ನು ಬಲಕ್ಕಿಟ್ಟುಕೊಂಡು ಪ್ರದಕ್ಷಿಣೆ ಬರುತ್ತಲೇ ಓದುತ್ತೇನೆಂದರೆ ರಾಮಾಯಣ ಕೊನೆಯಿಂದ ಶುರುವಾಗುತ್ತದೆ.