ಆಫ್ರಿಕಾದ ಯುವಜನರು ತಮ್ಮೂರಿನಲ್ಲಿ ನಿಜಕ್ಕೂ ಏನಾದರೂ ಬದಲಾವಣೆ ತಂದಿದ್ದಾರೆಯೇ? ಒಂದು ಉದಾಹರಣೆ ಕೊಡಿ.

ಕೀನ್ಯಾದ ನ್ಜಾಂಬಿ ಮಟೀ ನನಗೆ ಮೊದಲು ನೆನಪಾಗುವವರು. ಇವರು ಮೆಟೀರಿಯಲ್ಸ್ ಎಂಜಿನಿಯರ್, ಅಂದರೆ ವಸ್ತುಗಳ ಗುಣ ಅರಿತು ಅವನ್ನು ಬಳಸುವ ಎಂಜಿನಿಯರ್. ನೈರೋಬಿಯ ಬೀದಿಗಳಲ್ಲಿ ಬಿದ್ದ ಪ್ಲಾಸ್ಟಿಕ್ ನೋಡಿ ನೋಡಿ ಸಾಕಾಗಿ, 2017ರಲ್ಲಿ ಇದ್ದ ಕೆಲಸ ಬಿಟ್ಟು ಅಮ್ಮನ ಮನೆಯ ಹಿತ್ತಲಲ್ಲೇ ಪ್ರಯೋಗ ಶುರುಮಾಡಿದರು. ಯಂತ್ರದ ಗದ್ದಲಕ್ಕೆ ಅಕ್ಕಪಕ್ಕದವರು ಬೈದದ್ದೂ ಉಂಟು!

ಪ್ಲಾಸ್ಟಿಕ್ ಕಸದಿಂದ ಇಟ್ಟಿಗೆ ಮಾಡುವುದೇ ಅವರ ಉಪಾಯ. ಮಾಡುವ ಬಗೆ ಹೀಗೆ: ಪ್ಲಾಸ್ಟಿಕ್ಕನ್ನು ಚೂರು ಮಾಡಿ, ಮರಳು ಬೆರೆಸಿ, ಚೆನ್ನಾಗಿ ಕಾಯಿಸಿ, ಅಚ್ಚಿನಲ್ಲಿಟ್ಟು ಬಲವಾಗಿ ಒತ್ತುತ್ತಾರೆ. ಸಿಮೆಂಟು ಮಾಡಬೇಕಾದ ಅಂಟಿನ ಕೆಲಸವನ್ನು ಇಲ್ಲಿ ಕರಗಿದ ಪ್ಲಾಸ್ಟಿಕ್ಕೇ ಮಾಡುತ್ತದೆ, ಹಾಗಾಗಿ ದಿನಗಟ್ಟಲೆ ನೀರುಣಿಸಬೇಕಿಲ್ಲ. ಎಲ್ಲ ಪ್ಲಾಸ್ಟಿಕ್ಕೂ ನಡೆಯುವುದಿಲ್ಲ. ಹಾಲು, ಶಾಂಪೂ ಬಾಟಲಿ, ತೆಳು ಚೀಲ, ಹಗ್ಗ, ಬಕೆಟ್ ಆಗಬಹುದು. ಕುಡಿಯುವ ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್ ಬೇಡ. ಯಾವುದು ಎಷ್ಟು ಎಂಬ ಹದ ಸಿಗುವುದೇ ಕಷ್ಟದ ಭಾಗ. ಅದಕ್ಕಾಗಿ ಅವರು ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಪ್ರಯೋಗಾಲಯವನ್ನೂ ಬಳಸಿಕೊಂಡರು.

ಅವರ ಕಂಪನಿಯ ಹೆಸರು ಗ್ಜೆಂಗೆ ಮೇಕರ್ಸ್. 2021ರ ಹೊತ್ತಿಗೆ ದಿನಕ್ಕೆ ಸುಮಾರು 1,500 ಇಟ್ಟಿಗೆ ತಯಾರಾಗುತ್ತಿದ್ದವು. 2020ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಅವರನ್ನು 'ಯಂಗ್ ಚಾಂಪಿಯನ್ಸ್ ಆಫ್ ದಿ ಅರ್ಥ್' ಪಟ್ಟಿಗೆ ಸೇರಿಸಿತು.

ಒಂದು ಮಾತು. ಇವು ಹೆಚ್ಚಾಗಿ ನೆಲಕ್ಕೆ ಹಾಸುವ ಇಟ್ಟಿಗೆಗಳು, ನಮ್ಮ ಅಂಗಳದ ಇಂಟರ್‌ಲಾಕ್ ಇದ್ದಂತೆ. 'ಪ್ಲಾಸ್ಟಿಕ್ ಮನೆ ಕಟ್ಟಿದ ಹುಡುಗಿ' ಎಂಬ ವಾಟ್ಸಾಪ್ ಫಾರ್ವರ್ಡ್ ಬಂದರೆ ಸ್ವಲ್ಪ ಕಡಿಮೆ ಮಾಡಿಕೊಂಡು ಓದಿ.